ಅನಸೂಯ ಮೂಗು ಮುರಿದ ನೀರು

ನೀರಿನ ಗಂಧಗಾಳಿ ಗೊತ್ತಿಲ್ಲದೆ ಅದರ ಬಗ್ಗೆ ಭಾಷಣ ಬಿಗಿಯುವವರನ್ನು ಕಂಡರೆ ಅನಸೂಯಗೆ ಮೈ ಉರಿಯುತ್ತದೆ. ಆಕೆ ವಿದ್ಯುತ್ ಸ್ಥಾವರಗಳ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ನೀರು ಪರೀಕ್ಷಿಸಿದವಳು. ಕೊನೆಯ ಹತ್ತು ವರ್ಷ ನಾಗಪುರದ ಹತ್ತಿರದ ಮೌದಾ ಸ್ಥಾವರದಲ್ಲಿ. ಮದುವೆಯ ಗೊಡವೆಗೆ ಹೋಗಲಿಲ್ಲ. ನೀರು ಸರಿಯಿಲ್ಲ ಎಂದು ಬರೆದರೆ ಎಂಥ ದೊಡ್ಡ ಸಾಹೇಬನೂ ತೆಪ್ಪಗೆ ಸಹಿ ಹಾಕುತ್ತಿದ್ದ. ಈಗ ನಿವೃತ್ತಳಾಗಿ ನಾಗಪುರದ ಧರಮಪೇಠದಲ್ಲಿ ತಮ್ಮ ಗಿರಿಧರನ ಮನೆಯ ಮಹಡಿಯಲ್ಲಿದ್ದಾಳೆ. ಅಲ್ಲಿ ಆಕೆಯ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ.

ಗಿರಿಧರ ಬ್ಯಾಂಕ್ ಮ್ಯಾನೇಜರು. ಹೋದ ವರ್ಷ ಹಿತ್ತಲಿನ ನಿಂಬೆಗಿಡ ಕಡಿಸಿ, ಹನ್ನೆರಡಡಿ ಉದ್ದ, ಎಂಟಡಿ ಅಗಲದ ಈಜುಕೊಳ ಕಟ್ಟಿಸಿದ. ನೀಲಿ ಟೈಲ್ಸು, ಸ್ಟೀಲಿನ ಏಣಿ, ಏನು ದೌಲತ್ತು! ಅವನು ಅದನ್ನು ‘ಪೂಲ್’ ಎನ್ನುತ್ತಾನೆ, ಅನಸೂಯ ‘ಎಮ್ಮಿ ಹೊಂಡ’ ಎನ್ನುತ್ತಾಳೆ. ನಾಗಪುರದ ಮೇ ಬಿಸಿಲಿಗೆ ಕ್ಲೋರಿನ್ ನಿಲ್ಲುವುದಿಲ್ಲ, ದಿನಾ ಪರೀಕ್ಷೆ ಮಾಡಿ ಹಾಕಬೇಕು, ಇಳಿಯುವ ಮೊದಲು ಮೈ ತೊಳೆಯಬೇಕು ಎಂದು ಹೇಳಿ ಹೇಳಿ ಆಕೆಯ ಗಂಟಲು ಒಣಗಿತು. ಮಹಾಶಯ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಪಂಡಿತನಾಗಿದ್ದ. ಬ್ಯಾಂಕಿನಿಂದ ಬಂದವನೇ ಬೆವರು ಮೈಯಲ್ಲೇ ಧುಮುಕಿ ಒಂದು ತಾಸು ತೇಲುತ್ತಿದ್ದ.

ಅವನು ಬೇಕಾದರೆ ಚರಂಡಿಯಲ್ಲಿ ಈಜಲಿ, ಅನಸೂಯಗೇನು? ಆದರೆ ಅವನ ಮಗಳು, ಒಂಬತ್ತು ವರ್ಷದ ಕೃತಿಯ ಕಿವಿ ಸೋರತೊಡಗಿತು. ಹುಡುಗಿ ನೋವಿಗೆ ಹೊರಳಾಡಿ ಅತ್ತಳು. ಹನ್ನೆರಡು ದಿನ ನೀರಿಗಿಳಿಸಬೇಡಿ, ಮತ್ತೆ ಕೆಟ್ಟ ನೀರು ಹೊಕ್ಕರೆ ಕಿವಿಯ ತಮಟೆಗೇ ಪೆಟ್ಟು ಎಂದು ಡಾಕ್ಟರು ಹೇಳಿ ಕಳಿಸಿದರು. ಆ ಹನ್ನೆರಡು ದಿನ ಮುಗಿದು, ಮಾರನೇ ದಿನವೇ ಕೃತಿಯ ಹುಟ್ಟುಹಬ್ಬ. ಐದು ಗೆಳತಿಯರು ತಾಯಂದಿರ ಜತೆ ಟವೆಲ್ ಹಿಡಿದು ಬಂದರು.

ಅನಸೂಯ ಪುಟ್ಟ ಗಾಜಿನ ಕೊಳವೆಯಲ್ಲಿ ಕೊಳದ ನೀರು ಹಿಡಿದು ಮಾತ್ರೆ ಹಾಕಿ ಅಲ್ಲಾಡಿಸಿದಳು. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗಬೇಕು. ಆಗಲಿಲ್ಲ.

“ಗಿರೀ, ಹುಡುಗ್ರನ್ನ ಇಳಸಬ್ಯಾಡ. ಇದರಾಗ ಕ್ಲೋರಿನ್ ಇಲ್ಲ.”

ಗಿರಿಧರ ತಾಯಂದಿರ ಮುಂದೆ ನಕ್ಕ. “ಅಕ್ಕಾ, ನಿನ್ನ ಮೂಗಿಗೆ ಏನಾಗೈತಿ? ಹಿತ್ತಲ ತುಂಬ ಘಂ ಅನ್ನಾಕತ್ತೈತಿ. ಸ್ಟಾರ್ ಹೋಟೆಲಿನ ಪೂಲೂ ಬರೋಬರ್ ಹಿಂಗ ಇರತೈತಿ. ಕ್ಲೋರಿನ್ ಜಾಸ್ತಿ ಆತು ಅಂತ ನಾಕು ದಿವಸದಿಂದ ನಾ ಹಾಕೇ ಇಲ್ಲ.” ಕನ್ನಡ ಬಾರದ ತಾಯಂದಿರಿಗೂ ತನ್ನ ಪಾಂಡಿತ್ಯ ತಿಳಿಯಲೆಂದು ಅದನ್ನೇ ಹಿಂದಿಯಲ್ಲೂ ಹೇಳಿದ.

“ಚಲೋ ಇದ್ದ ನೀರು ಇಷ್ಟು ನಾರೂದಿಲ್ಲೋ ಮಾರಾಯ,” ಎಂದಳು ಅನಸೂಯ. “ಕ್ಲೋರಿನ್ನಿಗೆ ಬೆವರು, ಉಚ್ಚಿ ಕೂಡಿದಾಗ ಏಳೋ ವಾಸನಿ ಇದು. ನೀ ಘಂ ಅಂತ ಮೂಸಾಕತ್ತಿದ್ದು ಅದನ್ನ.”

ಗಿರಿಧರನ ಮುಖ ಸಣ್ಣದಾಯಿತು. ಆಗಲಾದರೂ ಸುಮ್ಮನಿದ್ದರೆ ಬಚಾವಾಗುತ್ತಿದ್ದ. “ಸಣ್ಣ ಹುಡುಗ್ರು, ನೀರಿನ್ಯಾಗ ಒಮ್ಮೊಮ್ಮೆ ಹೊಯ್ದಿರತಾವ,” ಎಂದು ಮಗಳ ತಲೆಗೆ ಕಟ್ಟಿಬಿಟ್ಟ.

ಕೃತಿಯ ಕಣ್ಣು ತುಂಬಿತು. “ಪಪ್ಪಾ, ಹನ್ನೆರಡು ದಿವಸ ನಾ ಇಳದೇ ಇಲ್ಲ. ಮಮ್ಮಿ, ಅತ್ಯಾ ಅಂತೂ ಇಳಿಯೂದೇ ಇಲ್ಲ. ನೀ ಒಬ್ಬನ ಇಳೀತಿದ್ದಿ.”

ಒಬ್ಬ ತಾಯಿ, ಏನು ಮಗೂ, ಏನಾಯಿತು ಎಂದು ವಿಚಾರಿಸಿದಳು. ಕೃತಿ ಮೂಗು ಒರೆಸಿಕೊಂಡು, ಅನಸೂಯ ಅತ್ಯಾ ಹೇಳಿದ್ದು, ಪಪ್ಪಾ ಹೇಳಿದ್ದು, ತಾನು ಹೇಳಿದ್ದು ಎಲ್ಲವನ್ನೂ ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದಳು. ತಾಯಂದಿರು ಟವೆಲ್‌ಗಳನ್ನು ಮಡಚಿ ಚೀಲಕ್ಕೆ ತುರುಕಿದರು.

ಬ್ಯಾಂಕ್ ಮ್ಯಾನೇಜರು ಪ್ಯಾಂಟು ಮೇಲೆತ್ತಿ, ಕೊಳ ಖಾಲಿ ಮಾಡುವ ವಾಲ್ವ್ ಎಲ್ಲಿದೆಯೆಂದು ಕುಕ್ಕರುಗಾಲಲ್ಲಿ ತಡಕಾಡತೊಡಗಿದರು. ಅದು ಎಲ್ಲಿದೆಯೆಂದು ಅನಸೂಯಗೆ ಗೊತ್ತಿತ್ತು. ಹೇಳಲಿಲ್ಲ.