ಧಣಿಯ ಮೇಲೆ ಕೈ ಎತ್ತದ ಮಾಳಿಂಗರಾಯ

ಸಿಂಧನೂರಿನ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಗೇಮ್ ಅಂಗಡಿ ಇದೆ. ನನ್ನ ಹೆಸರು ಖಾದರಬಾಷಾ. ಅಂಗಡಿಯಲ್ಲಿ ದೊಡ್ಡ ಟಿವಿಗಳಿವೆ, ಕುರ್ಚಿಗಳಿವೆ, ಎಸಿ ಇದೆ ಅಂತ ಬೋರ್ಡೂ ಇದೆ. ಎಸಿ ಇಲ್ಲ. ಇಲ್ಲಿಗೆ ಬರುವವರೆಲ್ಲ ಕೆಟ್ಟು ಹೋದವರು ಅಂತ ಊರಿನ ಹಿರಿಯರ ಅಭಿಪ್ರಾಯ. ಅವರ ಜೊತೆ ವಾದಿಸಿ ಗಂಟಲು ಒಣಗಿದ ಮೇಲೆ ನಾನು ಸುಮ್ಮನಾಗಿದ್ದೇನೆ. ಆದರೆ ಮಾಳಿಂಗರಾಯನ ವಿಷಯ ಬಂದಾಗ ಮಾತ್ರ ನನಗೆ ಸುಮ್ಮನಿರಲು ಆಗುವುದಿಲ್ಲ. ಲಿಂಗಸುಗೂರಿನಲ್ಲಿ ಅವನು ಮಾಡಿದ್ದಕ್ಕೆ ಹುಚ್ಚ ಅಂತ ಕೆಲವರು, ಸಂತ ಅಂತ ಕೆಲವರು. ಎರಡೂ ಕಡೆಯವರ ಬಾಯಿಗೆ ಬೀಗ ಹಾಕಬೇಕು ಅನ್ನಿಸುತ್ತದೆ. ಪಕ್ಕದಲ್ಲೇ ನಿಂತು ನೋಡಿದವನು ನಾನು.

ಮಾಳಿಂಗ ಮುಕ್ಕುಂದದವನು, ಭತ್ತ ಕೊಯ್ಯುವ ಮಷೀನಿನ ಡ್ರೈವರ್. ಕೊಯ್ಲಿನ ಕಾಲದಲ್ಲಿ ಅವನು ಕೈಗೆ ಸಿಗುವ ಆಸಾಮಿಯಲ್ಲ. ಇವತ್ತು ಆರ್.ಎಚ್. ಕ್ಯಾಂಪಿನ ಗದ್ದೆ, ನಾಳೆ ಮತ್ತೊಂದು ಊರಿನದು, ಕೂದಲಿನಿಂದ ಕಾಲಿನವರೆಗೆ ಭತ್ತದ ಧೂಳು. ಬೇಸಿಗೆ ಬೆಳೆ ಮುಗಿದು ಕಾಲುವೆಗೆ ನೀರು ಬಿಡುವವರೆಗೆ ಮಷೀನಿಗೂ ಕೆಲಸವಿಲ್ಲ, ಅವನಿಗೂ ಇಲ್ಲ. ಆಗ ಬಂದು ನನ್ನ ಅಂಗಡಿಯಲ್ಲಿ ಕೂರುತ್ತಿದ್ದ. ಮದುವೆಯಾದ ಗಂಡಸು, ಮೀಸೆ ಚಿಗುರದ ಹುಡುಗರ ನಡುವೆ ಒಂಚೂರೂ ನಾಚಿಕೆಯಿಲ್ಲದೆ ಚಪ್ಪಲಿ ಬಿಟ್ಟು ಕುರ್ಚಿ ಮೇಲೆ ಕಾಲು ಮಡಚಿ ಕೂರುತ್ತಿದ್ದ. ಮಷೀನಿನ ಲಿವರ್ ಎಳೆದೂ ಎಳೆದೂ ಅವನ ಎರಡು ಕೈಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಓಡುತ್ತಿದ್ದವು. ಅಂಥ ಕೈ ನಾನು ಬೇರೆ ಯಾರಲ್ಲೂ ನೋಡಿಲ್ಲ.

ಈ ಆಟ ಆಡದವರಿಗೆ ಒಂದು ಮಾತು ಹೇಳಬೇಕು. ಪ್ರತಿ ಹಂತದ ಕೊನೆಯಲ್ಲಿ ಒಬ್ಬ ದೈತ್ಯ ದಾರಿಗೆ ಅಡ್ಡ ನಿಂತಿರುತ್ತಾನೆ. ಅವನನ್ನು ಕೊಂದರೆ ಮುಂದೆ ದಾರಿ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಅವನಿಗೆ ಬಾಸ್ ಅನ್ನುತ್ತಾರೆ, ನಮ್ಮ ಅಂಗಡಿಯಲ್ಲಿ ಧಣಿ ಅನ್ನುತ್ತೇವೆ. ಸಣ್ಣಪುಟ್ಟವರನ್ನು ಯಾರು ಬೇಕಾದರೂ ಹೊಡೆದಾರು, ಧಣಿಯ ಮುಂದೆ ನಿಂತಾಗಲೇ ಯಾರ ಕೈ ಎಂಥದ್ದು ಅಂತ ಗೊತ್ತಾಗುವುದು. ನಾವು ಆಡುತ್ತಿದ್ದ ಆಟದ ಕೊನೆಯ ಧಣಿ ಕಲ್ಲಿನ ಮನುಷ್ಯ, ಕೈಯಲ್ಲಿ ಆಳೆತ್ತರದ ಸುತ್ತಿಗೆ. ಅವನ ಒಂದು ಏಟಿಗೆ ನಮ್ಮ ಅರ್ಧ ಜೀವ ಹೋಗುತ್ತದೆ, ಇನ್ನೊಂದಕ್ಕೆ ಕಥೆ ಮುಗಿಯಿತು. ಅರ್ಧ ಸೋತ ಮೇಲೆ ಸುತ್ತಿಗೆ ಬಿಸಾಡಿ ಸರಪಳಿ ಹಿಡಿಯುತ್ತಾನೆ. ಕೊನೆಗೆ ಕಣ್ಣು ಕಳೆದುಕೊಂಡು, ಕಾಲಿನ ಸದ್ದು ಕೇಳಿದ ಕಡೆ ನುಗ್ಗುತ್ತಾನೆ. ಅವನನ್ನು ಕೊಂದವರು ನಮ್ಮ ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಕೊಲ್ಲಲೇಬೇಕು ಅಂತ ಮಾಳಿಂಗ ನನ್ನಿಂದ ಒಂದು ಹಳೇ ಗೇಮ್ ಮಷೀನು ತೆಗೆದುಕೊಂಡು ಮನೆಯ ಟಿವಿಗೆ ಸಿಕ್ಕಿಸಿದ. ಅವರ ಮನೆಯ ಪಡಸಾಲೆಯಲ್ಲಿ ಪ್ಲಗ್ಗು ಒಂದೇ. ಒಂದು ಸಂಜೆ ಕಲ್ಲಿನ ಧಣಿ ಕುರುಡನಾಗಿ ತಡವರಿಸುತ್ತಿದ್ದ, ಅವನ ಜೀವ ಉಗುರಿನಷ್ಟು ಉಳಿದಿತ್ತು. ಕರೆಂಟು ಹೋಗುವ ಹೊತ್ತಾಗಿತ್ತು. ಮಾಳಿಂಗನ ಹೆಂಡತಿ ಮಮತಾ ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಮಾಡಲು ಮಿಕ್ಸಿ ಹಿಡಿದು ನಿಂತಿದ್ದಳು. ಕೊಡಿರೀ ಅಂತ ಕೇಳಿದಳು, ಮತ್ತೆ ಕೇಳಿದಳು, ಆಮೇಲೆ ವೈರು ಕಿತ್ತಳು. ಟಿವಿ ಕಪ್ಪಾಯಿತು. ಮಾಳಿಂಗ ಎದ್ದು ಅವಳ ಕೆನ್ನೆಗೆ ಬಾರಿಸಿದ.

ಅವಳು ಅಳಲಿಲ್ಲವಂತೆ. ಮಿಕ್ಸಿ ಸಿಕ್ಕಿಸಿ ಹಿಂಡಿ ಮುಗಿಸಿದಳು, ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು, ಬೆಳಗಿನ ಬಸ್ಸಿಗೆ ಲಿಂಗಸುಗೂರಿನ ತವರಿಗೆ ಹೋದಳು. ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೂ ಸೇರಿದಳು.

ಇದೆಲ್ಲ ನನಗೆ ಹೇಳಿದವಳು ಮಾಳಿಂಗನ ತಾಯಿ ಪೀರಮ್ಮ. ಹೇಳಿದಳು ಅಂದರೆ, ಅಂಗಡಿ ತುಂಬ ಹುಡುಗರಿದ್ದಾಗ ಬಂದು, ನನ್ನ ಟಿವಿಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ನನ್ನ ಏಳು ತಲೆಮಾರನ್ನು ತೊಳೆದಳು. ನನಗೂ ಸಿಟ್ಟು ಬಂತು. ಕೆನ್ನೆಗೆ ಹೊಡೆದದ್ದು ನಿನ್ನ ಮಗನೋ ನನ್ನ ಟಿವಿಯೋ ಅಂತ ಕೇಳಿಬಿಟ್ಟೆ. ಮುದುಕಿ ಸೊಂಟದ ಮೇಲಿನ ಕೈ ಇಳಿಸಿದಳು. ಸೊಸೆಯನ್ನು ಕರೆಯಲು ತಾನೇ ಹೋಗಿದ್ದಳಂತೆ. ಅತ್ತೆಗೆ ಚಹಾ ಕೊಟ್ಟು, ಊಟ ಹಾಕಿ, ಮಮತಾ ಒಂದೇ ಮಾತು ಹೇಳಿದ್ದಳು, ನಿಮ್ಮ ಮಗನ ಕೈ ಮೇಲೆ ನನಗೆ ನಂಬಿಕೆ ಬಂದ ದಿನ ಬರುತ್ತೇನೆ ಅಂತ. ಅದನ್ನು ಹೇಳಿ ಪೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಅದಾದ ವಾರಕ್ಕೋ ಏನೋ ಮಾಳಿಂಗ ಅಂಗಡಿಗೆ ಬಂದ. ಮನೆಯ ಮಷೀನನ್ನು ನನ್ನ ಮೇಜಿನ ಮೇಲಿಟ್ಟ. ಕುರ್ಚಿ ಎಳೆದು ಕೂತು ಕಲ್ಲಿನ ಧಣಿಯನ್ನು ಕೊಂದ. ಹುಡುಗರು ಕುರ್ಚಿ ಹತ್ತಿ ಕುಣಿದರು, ಪಕ್ಕದ ಚಹಾದಂಗಡಿಯವರು ಜಗಳವೆಂದು ತಿಳಿದು ಓಡಿ ಬಂದರು. ಮಾಳಿಂಗನ ಮುಖ ಮಾತ್ರ ಯಾರದೋ ಮಣ್ಣಿಗೆ ಹೋಗಿ ಬಂದವನ ಹಾಗಿತ್ತು.

ಅಲ್ಲೇ ಇದ್ದ ಗುರುಬಸವ, ಸಿಂಧನೂರಿನ ಆಟಗಾರರಿಗೆಲ್ಲ ತಾನೇ ನಾಯಕ ಅಂದುಕೊಂಡವನು, ತಕ್ಷಣ ಫೋನ್ ತೆಗೆದ. ಲಿಂಗಸುಗೂರಿನ ಒಂದು ಮದುವೆ ಹಾಲ್‌ನಲ್ಲಿ ಪಂದ್ಯವಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಒಬ್ಬೊಬ್ಬರು, ಅದೇ ಧಣಿ, ಎಲ್ಲರಿಗೂ ಅರ್ಧ ಗಂಟೆ. ಬೇಗ ಕೊಂದವನು ಗೆದ್ದ. ಗುರುಬಸವ ಮಾಳಿಂಗನ ಹೆಸರು ಕೊಟ್ಟ. ಲಿಂಗಸುಗೂರು ಅಂದ ಕೂಡಲೇ ಮಾಳಿಂಗ ತಲೆ ಎತ್ತಿ ಹೂಂ ಅಂದ. ಯಾಕೆ ಅಂತ ನನಗೆ ಗೊತ್ತಾಗದೇ ಇರುತ್ತದೆಯೇ.

ಅಷ್ಟರಲ್ಲಿ ಮೊಹರಂ ಬಂತು. ನಾನು ಮನೆಯಲ್ಲಿ ರೋಜಾ ಉಪವಾಸ ಹಿಡಿದು ಸುಮ್ಮನಿರುವವನು. ಮುಕ್ಕುಂದದ ಕಡೆ ಮಸೂತಿಯಲ್ಲಿ ಕೂರಿಸಿದ ಅಲಾಯಿ ದೇವರ ಮುಂದೆ ಕುಣಿಯುವವರು, ಹರಕೆ ಹೊತ್ತು ಫಕೀರರಾಗುವವರು ಎಲ್ಲ ಮಾಳಿಂಗನಂಥ ಹಿಂದೂಗಳೇ. ಫಕೀರನಾದವನು ಮುಂಗೈಗೆ ಕೆಂಪು ದಾರ ಕಟ್ಟಿಸಿಕೊಳ್ಳಬೇಕು, ಕೊನೆಯ ದಿನ ದೇವರು ಹೊಳೆಗೆ ಹೋಗುವವರೆಗೆ ಚಪ್ಪಲಿ ಮೆಟ್ಟುವಂತಿಲ್ಲ, ಮಂಚದ ಮೇಲೆ ಮಲಗುವಂತಿಲ್ಲ. ಪೀರಮ್ಮ ಆ ವರ್ಷ ಮಗನಿಗೆ ದಾರ ಕಟ್ಟಿಸಿದಳು, ತನ್ನದೊಂದು ಷರತ್ತನ್ನೂ ಸೇರಿಸಿದಳು. ದಾರ ಇರುವವರೆಗೆ ಯಾವ ಜೀವದ ಮೇಲೂ ಕೈ ಎತ್ತಬಾರದು.

ಪಂದ್ಯ ಬಿದ್ದದ್ದು ಅದೇ ದಿನಗಳಲ್ಲಿ. ಆಟದ ಧಣಿ ಜೀವವೋ ಅಲ್ಲವೋ? ಗುರುಬಸವ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಮಾಳಿಂಗ ನಗಲಿಲ್ಲ. ಮಸೂತಿಯಲ್ಲಿ ದೇವರನ್ನು ನೋಡಿಕೊಳ್ಳುವ ಮುಜಾವರ ದಾದೇಸಾಬರ ಹತ್ತಿರ ಹೋದ, ನನ್ನನ್ನೂ ಎಳೆದುಕೊಂಡು ಹೋದ. ನವಿಲುಗರಿ ಜೋಡಿಸುತ್ತ ಕೂತಿದ್ದ ದಾದೇಸಾಬರು ನಾನು ಫೋನಿನಲ್ಲಿ ತೋರಿಸಿದ ಧಣಿಯನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇವ ಸುಳ್ಳು ಇದ್ದಾನ," ಅಂದರು. "ಹೊಡಿಯಾಗ ನಿನಗ ಬರೋ ಸಿಟ್ಟು ಸುಳ್ಳೋ ಖರೇನೋ? ಅದನ್ನ ನೀನ ನೋಡ್ಕೋಪಾ."

ಮಾಳಿಂಗ ಮುಂಗೈಯ ದಾರ ಮುಟ್ಟಿ ನೋಡಿಕೊಂಡ. ಪಂದ್ಯಕ್ಕೆ ಬರುತ್ತೇನೆ ಅಂತ ಮಾತ್ರ ಅಂದ. ಬಂದ ಮೇಲೆ ಹೊಡೆಯದೇ ಇರುತ್ತಾನೆಯೇ ಅಂತ ನಾನು ನಿಶ್ಚಿಂತನಾದೆ. ಮಮತಾಳಿಗೂ ಫೋನ್ ಮಾಡಿದೆ. ನಿನ್ನ ಗಂಡ ಫಕೀರನಾಗಿದ್ದಾನೆ ತಂಗಿ, ತಾಯಿಯ ಷರತ್ತು ಹಿಂಗಿದೆ, ನಿಮ್ಮೂರಿಗೇ ಬರುತ್ತಿದ್ದಾನೆ, ಒಮ್ಮೆ ಬಂದು ನೋಡು ಅಂದೆ. ನೋಡ್ತೀನಿ ಅಂದಳು, ಅಷ್ಟೇ.

ಪಂದ್ಯದ ಭಾನುವಾರ ನಾವಿಬ್ಬರೂ ಬಸ್ಸಿನಲ್ಲಿ ಮಸ್ಕಿ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋದೆವು. ಮಾಳಿಂಗ ಬರಿಗಾಲಲ್ಲಿ. ವಧೂವರರು ಕೂರುವ ಕಡೆ ದೊಡ್ಡ ಪರದೆ ಕಟ್ಟಿದ್ದರು. ಮೈಕ್ ಹಿಡಿದವನೊಬ್ಬ ಕುಸ್ತಿ ಕಣದಲ್ಲಿ ನಿಂತವನ ಹಾಗೆ ಕಿರುಚುತ್ತಿದ್ದ. ಲಿಂಗಸುಗೂರಿನವನು ಸರಪಳಿಗೆ ಸಿಕ್ಕಿ ಸತ್ತ. ಮಸ್ಕಿಯವನು ಕೊನೆಯ ನಿಮಿಷದಲ್ಲಿ ಧಣಿಯನ್ನು ಕೊಂದಾಗ ಹಾಲ್ ಎದ್ದು ನಿಂತಿತು. ಮಾಳಿಂಗ ಇದರ ಅರ್ಧ ಹೊತ್ತಿನಲ್ಲಿ ಮುಗಿಸಬಲ್ಲ ಅಂತ ನಾನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಬಾಗಿಲ ಹತ್ತಿರ ಬಟ್ಟೆ ಅಂಗಡಿಯ ಬಿಲ್ಲೆ ಕೊರಳಿಗೆ ಹಾಕಿಕೊಂಡು ಮಮತಾ ನಿಂತಿದ್ದಳು.

ಆಟ ಶುರುವಾಯಿತು. ಸುತ್ತಿಗೆ ಮೇಲೆದ್ದಿತು, ಮಾಳಿಂಗ ಪಕ್ಕಕ್ಕೆ ಉರುಳಿದ. ಈಗ ಹೊಡೆಯಬೇಕು, ಧಣಿಯ ಬೆನ್ನು ಎದುರಿಗೇ ಇದೆ. ಹೊಡೆಯಲಿಲ್ಲ. ಮತ್ತೆ ಸುತ್ತಿಗೆ, ಮತ್ತೆ ಉರುಳಿದ, ಮತ್ತೆ ಬೆನ್ನು, ಮತ್ತೆ ಸುಮ್ಮನೆ ನಿಂತ. ಗುಂಡಿ ಕೈ ಕೊಟ್ಟಿತೇನೋ ಅಂತ ಮೈಕಿನವನು ಅಂದ. ನನಗೆ ಆಗಲೇ ಅರ್ಥವಾಗಿತ್ತು. ಈ ಪುಣ್ಯಾತ್ಮ ಹೊಡೆಯುವುದಿಲ್ಲ.

ಹೊಡೆಯದಿದ್ದರೆ ಹೊತ್ತು ಹೋದಂತೆ ಧಣಿಗೆ ಸಿಟ್ಟು ಏರುತ್ತದೆ. ಅದನ್ನು ನಾವ್ಯಾರೂ ನೋಡಿರಲಿಲ್ಲ, ಅಷ್ಟು ಹೊತ್ತು ಹೊಡೆಯದೆ ಬದುಕಿದವರು ಯಾರಿದ್ದರು? ಸುತ್ತಿಗೆ ಬೀಸುವ ವೇಗ ಇಮ್ಮಡಿಯಾಯಿತು. ನೆಲ ಬಿರಿದು ಬೆಂಕಿ ಎದ್ದಿತು. ನಿಲ್ಲಲು ಒಂದು ಹಾಸುಗಲ್ಲಿನಷ್ಟು ಜಾಗ ಉಳಿಯಿತು. ಮಾಳಿಂಗನ ಜೀವ ಅರ್ಧಕ್ಕಿಳಿಯಿತು. ಹಾಲ್‌ನಲ್ಲಿ ಮೊದಲು ನಗು, ಆಮೇಲೆ ಬೈಗುಳ. ಕೊಲ್ಲಲೇ ಅಂತ, ನಮಗಿಂತ ಮೊದಲೇ ಬಂದಿದ್ದ ಗುರುಬಸವ ಗಂಟಲು ಹರಿಯುವ ಹಾಗೆ ಕೂಗಿದ. ಆಮೇಲೆ ಅದೂ ನಿಂತಿತು. ಅಷ್ಟು ಜನರಿದ್ದ ಹಾಲ್‌ನಲ್ಲಿ ಸುತ್ತಿಗೆ ಬೀಳುವ ಸದ್ದು ಬಿಟ್ಟು ಬೇರೆ ಏನೂ ಇಲ್ಲ. ಮಾಳಿಂಗನ ಅಂಗಿ ಬೆನ್ನಿಗೆ ಅಂಟಿತ್ತು. ಅರ್ಧ ಗಂಟೆ ಮುಗಿದು ಪರದೆ ನಿಂತಾಗ ಇಬ್ಬರೂ ನಿಂತೇ ಇದ್ದರು, ಧಣಿಯ ಮೈಮೇಲೆ ಒಂದು ಗೀರೂ ಇರಲಿಲ್ಲ.

ಒಂದಷ್ಟು ಜನ ಚಪ್ಪಾಳೆ ತಟ್ಟಿದರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಗುರುಬಸವ ಓಡಿ ಹೋಗಿ ಮಾಳಿಂಗನ ಕಾಲರ್ ಹಿಡಿದು, ಸಿಂಧನೂರಿನ ಮಾನ ಕಳೆದೆ ಅಂತ ಜಗ್ಗಾಡಿದ, ಕೆನ್ನೆಗೂ ಒಂದು ಕೊಟ್ಟ. ಮಾಳಿಂಗನ ಕೈ ಅವನ ತೊಡೆಯ ಪಕ್ಕದಲ್ಲೇ ಇತ್ತು. ನಾನು ನಡುವೆ ಹೋಗಿ ಗುರುಬಸವನನ್ನು ನೂಕಿದೆ. ನನಗೆ ದಾರ ಗೀರ ಯಾರೂ ಕಟ್ಟಿರಲಿಲ್ಲ, ಸರಿಯಾಗೇ ನೂಕಿದೆ.

ಹೊರಗೆ ಬಂದಾಗ ಮಮತಾ ಗೇಟಿನ ಹತ್ತಿರ ಕಾಯುತ್ತಿದ್ದಳು. ನನಗೆ ಖುಷಿಯೋ ಖುಷಿ. ಕೆಲಸ ಆಯಿತು, ವಾಪಸ್ ಹೋಗುವಾಗ ಮೂರು ಸೀಟು ಹಿಡಿಯಬೇಕು ಅಂದುಕೊಂಡೆ. ನೋಡಿದೆಯಾ ತಂಗಿ, ಅಷ್ಟು ಮಂದಿ ಬೈದರೂ, ಕಾಲರ್ ಹಿಡಿದರೂ, ಕೆನ್ನೆಗೆ ಹೊಡೆದರೂ ಕೈ ಎತ್ತಲಿಲ್ಲ ಅಂತ ನಾನೇ ಶುರು ಮಾಡಿದೆ. ಅವಳು ನನ್ನ ಮಾತು ಪೂರ್ತಿ ಕೇಳಿದಳು. ಆಮೇಲೆ ಗಂಡನ ಕೆಂಪಗಾದ ಕೆನ್ನೆ ನೋಡಿದಳು, ಮುಂಗೈ ನೋಡಿದಳು. ಗಂಡನನ್ನು ಯಾವಾಗಲೂ ನೀವು ಅನ್ನುತ್ತಿದ್ದವಳು ಅವತ್ತು ನೀನು ಅಂದಳು.

"ದಾರ ಕಟ್ಯಾರಂತ ಆ ಕಲ್ಲಿನ ಗೊಂಬಿ ಮ್ಯಾಲೂ ಕೈ ಎತ್ತಲಿಲ್ಲ ನೀ," ಅಂದಳು. "ನನ್ನ ಮ್ಯಾಲೆ ಎತ್ತಬಾರದು ಅನ್ನಾಕ ನಿನಗ ಯಾರು ದಾರ ಕಟ್ಟಬೇಕಾಗಿತ್ತು?"

ಮಾಳಿಂಗ ದಾರವಿದ್ದ ಕೈಯನ್ನು ಬೆನ್ನ ಹಿಂದೆ ಸರಿಸಿದ. ಅಂಗಡಿಗೆ ಹೊತ್ತಾಯಿತು ಅಂತ ನನಗೆ ಹೇಳಿ, ಮಮತಾ ರಸ್ತೆ ದಾಟಿ ಹೋದಳು. ವಾಪಸ್ ಬಸ್ಸಿನಲ್ಲಿ ನಾನು ಎರಡೇ ಟಿಕೆಟ್ ತೆಗೆದೆ. ನನಗೆ ಅವನ ಮೇಲೆ ಸಿಟ್ಟೋ, ಮೂರು ಸೀಟಿನ ಲೆಕ್ಕ ಹಾಕಿದ ನನ್ನ ಮೇಲೋ, ಇವತ್ತಿಗೂ ತಿಳಿದಿಲ್ಲ.

ಮೊಹರಂ ಮುಗಿದು ದೇವರು ಹೊಳೆಗೆ ಹೋದ ದಿನ ನಾನು ಮುಕ್ಕುಂದದಲ್ಲಿದ್ದೆ. ಫಕೀರರೆಲ್ಲ ದಾರ ಬಿಚ್ಚುತ್ತಿದ್ದರು. ಪೀರಮ್ಮ ಮಗನ ಮುಂಗೈಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು. ಇದು ಇರಲಿ, ಸೊಸೆ ಬರುವವರೆಗಾದರೂ ಇರಲಿ, ಮುಂದಿನ ಮೊಹರಂವರೆಗೆ ಇರಲಿ ಅಂತ ಬೇಡಿಕೊಳ್ಳುತ್ತಿದ್ದಳು. ದಾರ ಹೋದರೆ ಮಗನ ಕೈ ಮತ್ತೆ ಏಳುತ್ತದೆ ಅನ್ನುವ ಭಯ ಆ ಹೆತ್ತ ತಾಯಿಯ ಮುಖದಲ್ಲಿ ಇತ್ತು. ಅದನ್ನು ಮಾಳಿಂಗನೂ ಕಂಡ.

ತಾಯಿಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ.

"ಇದು ಇರೋತನಕ ನಾ ಎಂಥವ ಅಂತ ಆಕಿಗೂ ಗೊತ್ತಾಗಂಗಿಲ್ಲ, ನನಗೂ ಗೊತ್ತಾಗಂಗಿಲ್ಲಬೇ ಯವ್ವಾ," ಅಂದ. ಹಲ್ಲಿನಿಂದ ಗಂಟು ಸಡಿಲಿಸಿ, ದಾರವನ್ನು ನೀರಿಗೆ ಬಿಟ್ಟು, ಬರಿಗೈಯಲ್ಲಿ ಮನೆಯ ಕಡೆ ನಡೆದ.