ತಾತನ ಕಿವಿಯಲ್ಲಿ ಮಾವನ ದನಿ

ತಪ್ಪು ಲೆಕ್ಕ ಹೇಳಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನೀವು ನಗುವಾಗ ನಾನೂ ಜೊತೆಗಿರಬಹುದು. ದೆವ್ವದ ಕಥೆ ಹೇಳುವವರ ನಡುಗುವ ದನಿಯನ್ನು ಅಣಕಿಸಿ ಮದುವೆಮನೆಗಳಲ್ಲಿ ಊಟ ಗಿಟ್ಟಿಸಿದವನು ನಾನು. ಅಂಥದ್ದನ್ನು ನಂಬಿದವನಲ್ಲ.

ತಾತ ತೀರಿಕೊಂಡಾಗ ಅವರ ಒಬ್ಬನೇ ಮಗ, ನನ್ನ ಸೋದರಮಾವ, ಸಿಡ್ನಿಯಲ್ಲಿದ್ದರು. ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಅವರನ್ನು ಯಾವುದೋ ಕರಕುಶಲ ಮೇಳಕ್ಕೆ ಕರೆಸಿಕೊಂಡಿದ್ದರು. ಸಿಕ್ಕ ವಿಮಾನ ಹತ್ತುತ್ತಿದ್ದೇನೆ ಎಂದು ನಡುರಾತ್ರಿ ಕಳೆದ ಮೇಲೆ ಮೆಸೇಜ್ ಬಂತು.

"ಅಲ್ಲಿಂದ ಎಷ್ಟೊತ್ತಾಯ್ತದ್ಲಾ?" ಎಂದರು ಊರಿನ ಹಿರಿಯರಾದ ಪುಟ್ಟಮಾದಯ್ಯ.

ಫೋನಿನಲ್ಲಿ ಹುಡುಕಿದೆ. ಒಂಬತ್ತು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರ, ಹನ್ನೆರಡು ಗಂಟೆ ಹಾರಾಟ. ಮಧ್ಯಾಹ್ನ ಊಟದ ಹೊತ್ತಿಗೆ ಇಳಿಯುತ್ತಾರೆ ಎಂದು ಪೈಲಟ್ಟಿನ ದನಿಯಲ್ಲಿ ಸಾರಿದೆ. ಹೆಣದ ಮುಂದೆ ಕೂತಿದ್ದವರಲ್ಲಿ ಇಬ್ಬರು ನಕ್ಕರು ಕೂಡ. ಅದು ನೇರ ವಿಮಾನದ ಲೆಕ್ಕ. ಮಾವನ ವಿಮಾನ ನೇರವೋ ಅಲ್ಲವೋ ಎಂದು ನಾನು ಕೇಳಿರಲಿಲ್ಲ.

ಎಲ್ಲರೂ ಕಾದರು. ಮಧ್ಯಾಹ್ನ ಮಾವನ ಇನ್ನೊಂದು ಮೆಸೇಜ್: ಸಿಂಗಾಪುರದಲ್ಲಿ ಕೂತಿದ್ದೇನೆ, ಮುಂದಿನ ವಿಮಾನ ಸಂಜೆಗೆ.

"ಇನ್ನೊಂದು ರಾತ್ರಿ ಮಡಗಕ್ಕಾಗಲ್ಲ, ಎತ್ತುವ" ಎಂದರು ಪುಟ್ಟಮಾದಯ್ಯ.

ನಮ್ಮಲ್ಲಿ ಚಟ್ಟವನ್ನು ನಡುದಾರಿಯಲ್ಲಿ ಇಳಿಸುತ್ತಾರೆ. ಮಗನಾದವನು ಸತ್ತವರ ಕಿವಿಯ ಬಳಿ ಬಾಗಿ ಮೂರು ಸಲ ಕರೆಯಬೇಕು. ಮಗ ಕರೆಯದೆ ಮಣ್ಣು ಮಾಡಿದರೆ ಸತ್ತವರು ಅಲ್ಲೇ ಕಾಯುತ್ತಾ ನಿಲ್ಲುತ್ತಾರೆ ಎಂಬುದು ಅಜ್ಜಿಯ ನಂಬಿಕೆ. ಬೆಳಗಿನಿಂದ ಅವರು ಕೇಳಿದ್ದು ಅದೊಂದೇ: ಅವನು ಬಂದು ಕರೀತಾನಾ?

ಹೊತ್ತು ಮುಳುಗುವಾಗ ಚಟ್ಟ ಇಳಿಸಿದರು. ಅಜ್ಜಿಯೂ ಉಳಿದ ಹೆಂಗಸರೂ ಅಲ್ಲಿಯವರೆಗೆ ಬಂದಿದ್ದರು. ಪುಟ್ಟಮಾದಯ್ಯ ನನ್ನನ್ನು ಮುಂದಕ್ಕೆ ತಳ್ಳಿದರು. "ಎಲ್ರ ದನೀನೂ ಮಾಡ್ತೀಯಲ್ಲ, ಅವನ ದನೀಲಿ ನೀನೇ ಕೂಗ್ಬುಡು."

ಬಾಗಿದೆ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಮೈಯೆಲ್ಲ ಮರದ ಹಾಗಿತ್ತು. ತಾತನ ಕಿವಿಯ ಮೇಲಿನ ಬಿಳಿಗೂದಲನ್ನೇ ನೋಡುತ್ತಿದ್ದೆ. ಬಾಯಿ ತೆರೆಯಲಿಲ್ಲ.

"ಅಪ್ಪಾ" ಎಂದು ಕೇಳಿತು.

ಮಾವನ ದನಿ. ನನ್ನ ಹೆಗಲ ಹತ್ತಿರದಿಂದಲೇ ಬಂತು. ಮೂರು ಸಲ, ನಡುನಡುವೆ ಮರದ ಧೂಳು ಕುಡಿದವರ ಸಣ್ಣ ಕೆಮ್ಮು. ನನ್ನ ತುಟಿಗಳು ಮುಚ್ಚಿದ್ದವು. ಇದೊಂದು ನನಗೆ ಚೆನ್ನಾಗಿ ನೆನಪಿದೆ. ಪುಟ್ಟಮಾದಯ್ಯ ನನ್ನ ಬೆನ್ನು ತಟ್ಟಿ, "ಎತ್ರಲಾ" ಎಂದರು.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಾವ ಬಂದಿದ್ದರು. ಹಿಂದಿನ ಸಂಜೆ ಆ ಹೊತ್ತಿಗೆ ಅವರ ವಿಮಾನ ಸಮುದ್ರದ ಮೇಲಿತ್ತು. ನಿದ್ದೆ ಹೋಗಿದ್ದೆ ಎಂದರು. ನನ್ನ ಕೈ ಹಿಡಿದು, "ನೀನಾದ್ರೂ ಕರೆದ್ಯಲ್ಲ" ಎಂದರು. ನಾನು ಕರೆದಿಲ್ಲ ಎಂದು ಆಣೆ ಮಾಡಿದೆ. ಸುತ್ತ ಕೂತಿದ್ದವರು ನಕ್ಕರು. ಅಣಕದವನ ಆಣೆಗೆ ಎಷ್ಟು ಬೆಲೆ ಎಂದು ಅವತ್ತು ಗೊತ್ತಾಯಿತು.

ದಿನ ಕಳೆದಂತೆ ನನಗೂ ಅನುಮಾನ ಬಂತು. ಎಲ್ಲರೂ ಹೇಳುತ್ತಾರೆ, ನಾನೇ ಕರೆದು ಮರೆತಿರಬಹುದು. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಜ್ಜಿಗೆ ಹಾಗೆಂದೇ ಹೇಳಿದೆ: ಬಹುಶಃ ನಾನೇ ಇರಬೇಕು ಅಜ್ಜಿ.

ಅಜ್ಜಿ ತಲೆ ಎತ್ತಲಿಲ್ಲ.

"ನೀನಲ್ಲ ಬುಡ್ಲಾ. ನನ್ನ ಮಗನ ದನಿ ನಿಂಗೆ ಯಾವತ್ತು ಸರ್ಯಾಗಿ ಬಂದೈತೆ?"