ಎರಡನೇ ಬ್ಯಾಟರಿ

ತಿರುವನಂತಪುರದಲ್ಲಿ ನನ್ನದು ರಾಕೆಟ್ಟಿನ ಕೆಲಸ. ಅಲ್ಲಿ ಮುಖ್ಯವಾದ ಭಾಗ ಯಾವುದಿದ್ದರೂ ಜೋಡಿ ಇರಲೇಬೇಕು. ಆ ಚಾಳಿ ಹವ್ಯಾಸಕ್ಕೂ ಅಂಟಿತ್ತು. ರೇಡಿಯೋದಿಂದ ಓಡಿಸುವ ನನ್ನ ಆಟದ ದೋಣಿಗೂ ಎರಡು ಬ್ಯಾಟರಿ ಇಟ್ಟಿದ್ದೆ. ಅದನ್ನು ಬಾತುಕೋಳಿಗಳೂ ಹಿಂದೆ ಹಾಕುತ್ತಿದ್ದವು. ಜೋರಾದ ಮೋಟರು ಹಾಕಿಸೋಣವೆಂದು, ಕೊಚ್ಚಿಗೆ ಹೋದಾಗ ಅಲ್ಲಿನ ಕಲೂರು ಬಡಾವಣೆಯ ಒಂದು ರಿಪೇರಿ ಅಂಗಡಿಗೆ ದೋಣಿ ಹೊತ್ತುಕೊಂಡು ಹೋದೆ.

ಅಂಗಡಿಯ ಮುದುಕ ಮೋಟರಿನತ್ತ ನೋಡಲೂ ಇಲ್ಲ. ದೋಣಿಯನ್ನು ಕೈಯಲ್ಲೆತ್ತಿ ತೂಗಿದ.

“ಎರಡು ಬ್ಯಾಟರಿ ಯಾಕೆ ಸಾರೇ?”

“ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ.”

“ಇದರಲ್ಲಿ ಯಾರು ಕೂತ್ಕೊಳ್ತಾರೆ?”

“ಯಾರೂ ಇಲ್ಲ.”

“ಮತ್ತೆ ಎರಡನೆಯದು ಯಾರನ್ನು ಉಳಿಸೋಕೆ?”

ನಾನು ಮೋಟರಿನ ಶಕ್ತಿಯ ಲೆಕ್ಕ ವಿವರಿಸಲು ಹೊರಟೆ. ಅಷ್ಟರಲ್ಲಿ ಅವನು ಒಂದು ಬ್ಯಾಟರಿ ಕಿತ್ತು ನನ್ನ ಕೈಗಿಟ್ಟು, “ಹೋಗಿ, ಇನ್ನು ಓಡುತ್ತೆ” ಎಂದ. ಮೈಯೆಲ್ಲ ಉರಿಯಿತು. ರಾಕೆಟ್ ಹಾರಿಸುವವನಿಗೆ ಇವನ ಪಾಠ!

ಭಾನುವಾರ ಕೆರೆಗೆ ಬಿಟ್ಟೆ. ಹಾಳಾದ್ದು, ನಿಜಕ್ಕೂ ಬಾಣದ ಹಾಗೆ ಓಡಿತು. ಕೆರೆಯ ನಡುವೆ ಬ್ಯಾಟರಿ ಕೈಕೊಟ್ಟಿತು, ದೋಣಿ ನಿಂತಿತು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಇಳಿದು, ಕುತ್ತಿಗೆಮಟ್ಟದ ನೀರಿನಲ್ಲಿ ಪಾಚಿ ಸರಿಸುತ್ತ ಹೋಗುವಾಗ ಮುದುಕನ ಪ್ರಶ್ನೆಗೆ ಉತ್ತರ ಹೊಳೆಯಿತು. ನನ್ನನ್ನು ಉಳಿಸೋಕೆ ಮಾರಾಯ, ನನ್ನನ್ನು!